ದೋಣಿಯ ಅಡಿ ಉಜ್ಜುವ ಮುಂಚೆ ಇದನ್ನೊಮ್ಮೆ ಓದಿ

ಮೊದಲ ಸಲ ನನ್ನ ದೋಣಿಯ ಅಡಿ ನಾನೇ ಉಜ್ಜಿದ್ದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಒಂದು ಜನವರಿ ಶನಿವಾರ. ಇಲ್ಲಿ ಜನವರಿ ಅಂದರೆ ಬೇಸಿಗೆ. ಒಂಬತ್ತು ಮೀಟರಿನ ಹಳೇ ಹಾಯಿದೋಣಿ, ಅಗ್ಗಕ್ಕೆ ಸಿಕ್ತು ಅಂತ ತಗೊಂಡಿದ್ದು. ಆ ಬೇಸಿಗೆಯಲ್ಲಿ ಅದು ಗರ್ಭದ ಎಮ್ಮೆಯ ಹಾಗೆ ನಡೆಯುತ್ತಿತ್ತು, ಒಳ್ಳೇ ಗಾಳಿ ಇದ್ದರೂ ಮುಂದೆ ಹೋಗದು. ಅಡಿಯಲ್ಲಿ ಚಿಪ್ಪು ಕಟ್ಟಿದೆ ಅಂತ ಪಕ್ಕದ ದೋಣಿಯವರು ಹೇಳಿದರು. ಸ್ನಾರ್ಕೆಲ್ ಹಾಕಿಕೊಂಡು, ಒಂದು ಗಟ್ಟಿ ಬ್ರಷ್ಷು, ಒಂದು ಕೆರೆಯುವ ಪಟ್ಟಿ ಹಿಡಿದು ನೀರಿಗಿಳಿದೆ. ಎರಡೇ ನಿಮಿಷಕ್ಕೆ ಸುತ್ತಲಿನ ನೀರು ಕುಂಕುಮ ಕದಡಿದ ಹಾಗೆ ಕೆಂಪಾಯಿತು. ಅದು ಪೇಂಟು, ಪಾಚಿ ಚಿಪ್ಪು ಅಂಟದಿರಲಿ ಅಂತ ದೋಣಿಯ ಅಡಿಗೆ ಬಳಿಯುವ ವಿಷದ ಬಣ್ಣ. ಚಿಪ್ಪುಗಳು ಒಂದೊಂದೇ ಬಿಡಿಸಿಕೊಂಡು ಕೆಳಗೆ ಮುಳುಗಿದವು. ಮೇಲೆ ಬಂದಾಗ ಭಾರೀ ಕೆಲಸ ಮಾಡಿದ ಖುಷಿ. ಆರು ವಾರ ಬಿಟ್ಟು ನೋಡಿದರೆ ಮೊದಲಿಗಿಂತ ದಪ್ಪ ಬೆಳೆ!

ಒಂದೇ ಏಟಿಗೆ ಮೂರು ತಪ್ಪು ಮಾಡಿದ್ದೆ. ವಿಷದ ಪೇಂಟನ್ನು ಬಂದರಿನ ನೀರಿಗೆ ಬಿಟ್ಟೆ. ದೋಣಿಗಿದ್ದ ಅಷ್ಟಿಷ್ಟು ರಕ್ಷಣೆಯನ್ನೂ ಕಿತ್ತುಹಾಕಿದೆ. ಅಂಟಿಕೊಂಡಿದ್ದು ಯಾವ ಜೀವಿ ಅಂತ ನೋಡದೆ ಅದನ್ನು ಬೀಜ ಬಿತ್ತಿದ ಹಾಗೆ ತಳಕ್ಕೆ ಬಿತ್ತಿದೆ. ಇಲ್ಲಿ ದೋಣಿ ಇಟ್ಟುಕೊಳ್ಳಲು ಹೊರಟ ಕನ್ನಡದವರು ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇಷ್ಟು: ಪಾಚಿ ಇರುವಾಗಲೇ ಮೆತ್ತಗೆ ಒರೆಸಿ, ಚಿಪ್ಪು ಬಂದ ಮೇಲೆ ನೀರಲ್ಲಿ ಮುಟ್ಟಬೇಡಿ, ದಡಕ್ಕೆ ಎತ್ತಿ. ಯಾಕೆ, ಹೇಗೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಅಂಟಿಕೊಳ್ಳುವವರು ಯಾರು

ನೀರಿಗಿಳಿಸಿದ ಯಾವುದೇ ವಸ್ತುವಿನ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕೂರುತ್ತದೆ. ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ ಪಾಚಿ, ಅಷ್ಟೇ. ಕೈಯಲ್ಲಿ ಸವರಿದರೆ ಹೋಗುತ್ತದೆ. ಅದನ್ನು ಹಾಗೇ ಬಿಟ್ಟರೆ ಹಸಿರು ಕೂದಲು, ಆಮೇಲೆ ಬಾರ್ನಕಲ್ ಚಿಪ್ಪು, ಕೊಳವೆ ಹುಳ, ಪಚ್ಚಿಲೆ ಜಾತಿಯವು, ಮೆತ್ತನೆ ಚೀಲದಂಥ ಜೀವಿಗಳು. ಒಂದರ ಮೇಲೊಂದು ಮನೆ ಕಟ್ಟುತ್ತವೆ. ಇದೆಲ್ಲ ಸ್ಥಳೀಯ ಜೀವಿಯೇ ಆಗಿದ್ದರೆ ನಷ್ಟ ನಮ್ಮ ಡೀಸೆಲ್ಲಿಗೆ ಮಾತ್ರ. ತೊಂದರೆ ಇರುವುದು ಹೊರಗಿನಿಂದ ಬಂದವುಗಳದ್ದು.

ನ್ಯೂಜಿಲೆಂಡಿನಲ್ಲಿ ಅಂಥವರ ಪಟ್ಟಿ ದೊಡ್ಡದು. ಅಂಡಾರಿಯ ಅನ್ನುವ ಕಂದು ಕಡಲಪಾಚಿ 1987ರಲ್ಲಿ ವೆಲ್ಲಿಂಗ್ಟನ್ ಬಂದರಿನಲ್ಲಿ ಕಾಣಿಸಿಕೊಂಡಿತು. ಜಪಾನಿನವರು ಸೂಪಿಗೆ ಹಾಕುವ ವಾಕಮೆ ಇದೇ. ಸ್ಟಯೆಲಾ ಅನ್ನುವ, ಗದೆಯಂತೆ ಕಾಣುವ ಜೀವಿ 2005ರಲ್ಲಿ ಆಕ್ಲೆಂಡಿನಲ್ಲಿ ಸಿಕ್ಕಿತು. ಎಲ್ಲರೂ ಜಾಸ್ತಿ ಬೈಯುವುದು ಮೆಡಿಟರೇನಿಯನ್ ಫ್ಯಾನ್‌ವರ್ಮ್ ಅನ್ನುವ ಬೀಸಣಿಗೆ ಹುಳವನ್ನು. 2008ರಲ್ಲಿ ದಕ್ಷಿಣ ದ್ವೀಪದ ಲಿಟಲ್ಟನ್ ಬಂದರಿನಲ್ಲಿ ಸಿಕ್ಕಿತು, ಮರುವರ್ಷ ಆಕ್ಲೆಂಡಿನ ವೈಟೆಮಟಾ ಬಂದರಿನಲ್ಲಿ. ಚರ್ಮದಂಥ ಕೊಳವೆ, ಮೊಳದುದ್ದಕ್ಕೂ ಬೆಳೆಯುತ್ತದೆ. ತುದಿಯಲ್ಲಿ ಸುರುಳಿ ಸುತ್ತಿದ ಒಂದೇ ಒಂದು ಬೀಸಣಿಗೆ, ಬಿಳಿ ಮತ್ತು ಕಿತ್ತಳೆ ಕಂದು ಪಟ್ಟೆ. ನೋಡಲು ಚೆಂದವೇ. ಗುಂಪಾಗಿ ಬೆಳೆದರೆ ಉಳಿದವರಿಗೆ ಜಾಗವೂ ಇಲ್ಲ, ಆಹಾರವೂ ಇಲ್ಲ. ಒಂದು ಬಂದರಿನಿಂದ ಇನ್ನೊಂದಕ್ಕೆ ಈ ಹುಳ ಈಜಿಕೊಂಡು ಹೋಗಿದ್ದಲ್ಲ, ನಮ್ಮಂಥವರ ದೋಣಿಯ ಅಡಿ ಹಿಡಿದು ಬಿಟ್ಟಿ ಪ್ರಯಾಣ ಮಾಡಿದ್ದು.

ಇದರಲ್ಲಿ ನಮಗೊಂದು ತಮಾಷೆ ಇದೆ. ಕರಾವಳಿಯ ನಮಗೆ ಪಚ್ಚಿಲೆ ಅಂದರೆ ಬಾಯಲ್ಲಿ ನೀರು ಬರುತ್ತದೆ, ಅಲ್ವಾ. ಉತ್ತರ ಕನ್ನಡದವರು ನೀಲಿಕಲ್ಲು ಅನ್ನುತ್ತಾರೆ. ಅದೇ ಹಸಿರು ಪಚ್ಚಿಲೆ 1999ರಲ್ಲಿ ಅಮೆರಿಕದ ಫ್ಲಾರಿಡಾದ ಟಾಂಪಾ ಕೊಲ್ಲಿಯಲ್ಲಿ, 2001ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸಿನಲ್ಲಿ ಕಾಣಿಸಿಕೊಂಡಾಗ ಅಲ್ಲಿಯವರು ಗಾಬರಿ ಬಿದ್ದರು. ಊರಲ್ಲಿ ಸುಕ್ಕ ಆಗುವ ಜೀವಿ ಪರದೇಶದಲ್ಲಿ ಪೀಡೆ. ಇದು ಎರಡೂ ಕಡೆ ನಡೆಯುತ್ತದೆ. ಮೂಲತಃ ಅಮೆರಿಕ ಖಂಡದ ನೀರಿನ ಕಪ್ಪುಪಟ್ಟೆ ಮಸ್ಸೆಲ್ (ಪಚ್ಚಿಲೆಯಂಥ ಚಿಪ್ಪು) 1967ರಲ್ಲೇ ವಿಶಾಖಪಟ್ಟಣದಲ್ಲಿ ವರದಿಯಾಗಿತ್ತು, ಆಮೇಲೆ ಮುಂಬಯಿಯಲ್ಲೂ ನೆಲೆಸಿತು. ಕೇರಳದ ಹಿನ್ನೀರುಗಳಲ್ಲಿ, ಅದರಲ್ಲೂ ಅಷ್ಟಮುಡಿಯಲ್ಲಿ, ಈಗ ದಕ್ಷಿಣ ಅಮೆರಿಕ ಕಡೆಯ ಇನ್ನೊಂದು ಮಸ್ಸೆಲ್ ಹಾಸಿಕೊಂಡು ಕೂತಿದೆ.

ಆ ಕಪ್ಪುಪಟ್ಟೆಯದ್ದು 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ಗೂ ಬಂತು. ಕಲನ್ ಬೇ ಮರೀನಾದಲ್ಲಿ, ಅಂದರೆ ಮೋಜಿನ ದೋಣಿಗಳ ತಂಗುದಾಣದಲ್ಲಿ, ಸಿಕ್ಕ ಕೂಡಲೇ ಮರೀನಾದ ಗೇಟು ಮುಚ್ಚಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದು, ಒಳಗಿದ್ದುದನ್ನೆಲ್ಲ ಕೊಂದರು. ಅಲ್ಲಿ ಗೇಟಿದ್ದದ್ದರಿಂದ ಅದು ಆಯಿತು. ತೆರೆದ ಸಮುದ್ರದಲ್ಲಿ ಹಾಗೆ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಒಮ್ಮೆ ಬಂದು ನೆಲೆಸಿದರೆ ಮುಗೀತು.

ಹಾಗಾದರೆ ಗಟ್ಟಿ ವಿಷ ಬಳಿದುಬಿಟ್ಟರೆ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಅದನ್ನು ಜಗತ್ತು ಒಮ್ಮೆ ಮಾಡಿ ನೋಡಿದೆ. ಟಿಬಿಟಿ ಅನ್ನುವ ತವರದ ರಾಸಾಯನಿಕ ಸೇರಿಸಿದ ಪೇಂಟ್ ಬಂದಿತ್ತು. ಕೆಲಸದಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ 1970ರ ದಶಕದ ಕೊನೆಗೆ ಫ್ರಾನ್ಸಿನ ಅರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಬೆಳೆಯೇ ನೆಲಕಚ್ಚಿತು, ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. ಕಡಲ ಬಸವನಹುಳದ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಯಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಲ್ಲಿಸಿತು. ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 2001ರಲ್ಲಿ, ಜಾರಿಗೆ ಬಂದಿದ್ದು 2008ರ ಸೆಪ್ಟೆಂಬರಿನಲ್ಲಿ. 2023ರ ಜನವರಿ 1ರಿಂದ ಸೈಬ್ಯೂಟ್ರಿನ್ ಅನ್ನುವ ಇನ್ನೊಂದನ್ನೂ ಅದೇ ಒಪ್ಪಂದಕ್ಕೆ ಸೇರಿಸಿ ನಿಷೇಧಿಸಿದರು.

ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡಬ್ಬಗಳಲ್ಲಿ ಇರುವುದು ತಾಮ್ರ, ಅಂದರೆ ಕ್ಯುಪ್ರಸ್ ಆಕ್ಸೈಡ್. ತಾಮ್ರದ ಕೊಡದಲ್ಲಿ ನೀರು ಕುಡಿದು ಬೆಳೆದವರಿಗೆ ತಾಮ್ರ ವಿಷ ಅಂದರೆ ನಗು ಬರಬಹುದು. ನಮಗೆ ಅಲ್ಲ, ಸಿಂಪಿ, ಮಸ್ಸೆಲ್ ಮರಿಗಳಿಗೆ. ಇಲ್ಲಿನ ಮತ್ತು ಆಸ್ಟ್ರೇಲಿಯಾದ ಮಾರ್ಗಸೂಚಿ ಪ್ರಕಾರ ಕಡಲ ನೀರಿನಲ್ಲಿ ತಾಮ್ರ ಲೀಟರಿಗೆ 1.3 ಮೈಕ್ರೋಗ್ರಾಂ ದಾಟಿದರೆ ಯೋಚನೆ ಮಾಡಬೇಕು. ನಾನೊಂದು ಲೆಕ್ಕ ಹಾಕಿದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಮೋಜಿನ ದೋಣಿಗಳ ಪೇಂಟಿಗೆ ಒಂದು ಮಿತಿ ಹಾಕಿತು: ಒಂದು ಚದರ ಸೆಂಟಿಮೀಟರಿನಿಂದ ದಿನಕ್ಕೆ ಹೆಚ್ಚೆಂದರೆ 9.5 ಮೈಕ್ರೋಗ್ರಾಂ ತಾಮ್ರ ಸೋರಬಹುದು. ನನ್ನ ದೋಣಿಯ ಅಡಿ ಸುಮಾರು 25 ಚದರ ಮೀಟರ್. ಆ ಮಿತಿಯಲ್ಲೇ ಇದ್ದರೂ ದಿನಕ್ಕೆ 2.4 ಗ್ರಾಂ ತಾಮ್ರ, ವರ್ಷಕ್ಕೆ 870 ಗ್ರಾಂ ಹತ್ತಿರ. ಒಂದು ದಿನದ ಆ 2.4 ಗ್ರಾಮೇ 18 ಲಕ್ಷ ಲೀಟರ್ ನೀರನ್ನು ಆ 1.3ರ ಗೆರೆಗೆ ತರಲು ಸಾಕು. ಸಮುದ್ರ ದೊಡ್ಡದು, ನಿಜ. ಆದರೆ ಗೋಡೆ ಕಟ್ಟಿದ ಮರೀನಾದೊಳಗೆ ಅಂಥ ಸಾವಿರ ದೋಣಿ ನಿಂತಿದ್ದರೆ?

ಅದಕ್ಕೂ ಉತ್ತರ ಇದೆ. ಸ್ಯಾನ್ ಡಿಯಾಗೋದ ಶೆಲ್ಟರ್ ಐಲೆಂಡ್ ದೋಣಿ ತಂಗುದಾಣದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ದೋಣಿಗಳಿವೆ. ಅಲ್ಲಿ ಲೆಕ್ಕ ಹಾಕಿದಾಗ ನೀರಿಗೆ ಸೇರುವ ತಾಮ್ರದಲ್ಲಿ ಶೇ 90ಕ್ಕೂ ಹೆಚ್ಚು ದೋಣಿ ಸುಮ್ನೆ ನಿಂತಿರುವಾಗ ಪೇಂಟಿನಿಂದ ಸೋರುವುದು, ಉಜ್ಜುವುದರಿಂದ ಬರುವುದು ಶೇ 5ರಷ್ಟು ಮಾತ್ರ ಅಂತ ತಿಳಿಯಿತು. ನನಗೆ ಇದು ಆಶ್ಚರ್ಯ. ಅಂದರೆ ಯಾವ ಡಬ್ಬ ಕೊಳ್ಳುತ್ತೀರಿ ಅನ್ನುವಲ್ಲೇ ಅರ್ಧಕ್ಕಿಂತ ಜಾಸ್ತಿ ತೀರ್ಮಾನ ಆಗಿಹೋಗಿರುತ್ತದೆ. ಉಜ್ಜುವಾಗ ಪಡುವ ಪಶ್ಚಾತ್ತಾಪ ಸ್ವಲ್ಪ ತಡವಾದದ್ದು.

ಇನ್ನೊಂದು ವಿಚಿತ್ರ. ವಾಟರ್ಸಿಪೋರ ಅನ್ನುವ, ಕಿತ್ತಳೆ ಬಣ್ಣದ ತೆಳ್ಳಗಿನ ಹೊಪ್ಪಳೆಯಂತೆ ಹಬ್ಬುವ ಜೀವಿಗೆ ತಾಮ್ರ ಅಷ್ಟಾಗಿ ತಟ್ಟುವುದಿಲ್ಲ. ಅದು ತಾಮ್ರದ ಪೇಂಟಿನ ಮೇಲೇ ಕೂರುತ್ತದೆ, ಆಮೇಲೆ ತಾಮ್ರ ತಾಳಲಾಗದ ಬೇರೆಯವರು ಅದರ ಬೆನ್ನ ಮೇಲೆ ಮನೆ ಮಾಡುತ್ತಾರೆ. ಜಾಸ್ತಿ ವಿಷ ಹಾಕಿದಷ್ಟೂ ವಿಷ ತಾಳಬಲ್ಲ ಅಲೆಮಾರಿಗಳಿಗೇ ಜಾಗ ಖಾಲಿ ಮಾಡಿಕೊಟ್ಟ ಹಾಗೆ.

ಹಾಗಂತ ತಾಮ್ರವನ್ನು ಒಂದೇ ಸಲ ನಿಲ್ಲಿಸಿ ಅನ್ನುವುದೂ ಸುಲಭವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 2011ರಲ್ಲೇ ಹಾಗೆ ಕಾನೂನು ಮಾಡಿತು, 2018ರಿಂದ ಜಾರಿ ಅಂದಿತು. ಅಷ್ಟರಲ್ಲಿ ಬದಲಿಗೆ ಬರುವ ರಾಸಾಯನಿಕಗಳು ತಾಮ್ರಕ್ಕಿಂತ ಕೆಟ್ಟವಿರಬಹುದು ಅನ್ನುವ ಅನುಮಾನ ಬಂದು ಮುಂದಕ್ಕೆ ಹಾಕಿತು. ಅದಕ್ಕೇ ಡಬ್ಬದ ಮೇಲೆ ‘ತಾಮ್ರ ಇಲ್ಲ’ ಅಂತ ಬರೆದಿದ್ದರೆ ಖುಷಿಪಡುವ ಮುಂಚೆ ಹಿಂದೆ ತಿರುಗಿಸಿ, ತಾಮ್ರದ ಬದಲು ಏನಿದೆ ಅಂತ ಓದಿ.

ಯಾವ ಪೇಂಟು ಯಾರಿಗೆ

ಅಂಗಡಿಯವರು ಕೇಳದಿದ್ದರೂ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಒಂದೇ: ದೋಣಿ ಎಷ್ಟು ದಿನಕ್ಕೊಮ್ಮೆ, ಎಷ್ಟು ಜೋರಾಗಿ ಓಡುತ್ತದೆ? ನಿಜ ಹೇಳಿ. ನಾವೆಲ್ಲ ಪ್ರತಿ ವಾರ ಹೋಗುತ್ತೇವೆ ಅಂದುಕೊಂಡೇ ದೋಣಿ ಕೊಳ್ಳುವುದು, ಆಮೇಲೆ ತಿಂಗಳಿಗೊಮ್ಮೆ ಹೋದರೆ ಪುಣ್ಯ.

ವಾರಕ್ಕೊಮ್ಮೆಯಾದರೂ ಓಡುವ ಹಾಯಿದೋಣಿಗೆ ಸವೆಯುವ ಜಾತಿಯ ಪೇಂಟು ಸರಿ. ನೀರು ಹರಿದಂತೆ ಸೋಪಿನ ಹಾಗೆ ಮೇಲ್ಪದರ ಸವೆದು ಹೊಸ ಪದರ ತೆರೆಯುತ್ತದೆ. ನಿಂತೇ ಇದ್ದರೆ ಸವೆಯುವುದಿಲ್ಲ, ಲೋಳೆ ಕೂತು ಮುಚ್ಚಿಬಿಡುತ್ತದೆ. ನಾನು ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ ಹಾಳು ಮಾಡಿದ್ದು ಇದನ್ನೇ.

ಗಟ್ಟಿ ಪೇಂಟು ಉಜ್ಜಿದರೆ ತಡೆಯುತ್ತದೆ. ಸ್ಪರ್ಧೆಗೆ ಹೋಗುವವರು, ವೇಗದ ಮೋಟಾರು ದೋಣಿಯವರು ಇದನ್ನು ಇಷ್ಟಪಡುತ್ತಾರೆ. ಒಳಗಿನ ತಾಮ್ರ ಸೋರಿ ಖಾಲಿಯಾದ ಮೇಲೂ ಪೇಂಟಿನ ಗೂಡು ಹಾಗೇ ಉಳಿದು, ವರ್ಷ ವರ್ಷ ಪದರ ಏರಿ, ಒಂದು ದಿನ ಎಲ್ಲ ಕೆರೆದು ತೆಗೆಯಬೇಕಾಗುತ್ತದೆ. ಅದು ಬೆನ್ನು ಮುರಿಯುವ ಕೆಲಸ.

ಸಿಲಿಕೋನ್ ಲೇಪ ಬೇರೆಯೇ ಉಪಾಯ. ಅದು ಕೊಲ್ಲುವುದಿಲ್ಲ, ಜಾರಿಸುತ್ತದೆ. ಎಣ್ಣೆ ಹಚ್ಚಿದ ಕಾವಲಿಗೆ ದೋಸೆ ಹಿಡಿಯದ ಹಾಗೆ. ದೋಣಿ ಓಡಬೇಕು, ಅದೂ ಸ್ವಲ್ಪ ವೇಗದಲ್ಲಿ, ಆಗ ಹಿಡಿತ ಸಿಗದೆ ಬೀಳುತ್ತವೆ. ಹಚ್ಚುವುದು ನಾಜೂಕಿನ ಕೆಲಸ, ಗೀರು ಬಿದ್ದರೆ ಅಲ್ಲೇ ಚಿಪ್ಪು ಕೂರುತ್ತದೆ, ಮೇಲೆ ಬೇರೆ ಪೇಂಟು ಹಿಡಿಯುವುದೇ ಇಲ್ಲ. ದುಡ್ಡು ಇದ್ದು, ದೋಣಿ ಚೆನ್ನಾಗಿ ಓಡುವುದಾದರೆ ನಾನು ಇದನ್ನೇ ಹೇಳುತ್ತೇನೆ. ಟ್ರೇಲರಿನಲ್ಲಿ ಇಟ್ಟು ಹೊರಟಾಗ ಮಾತ್ರ ನೀರಿಗಿಳಿಸುವ ಸಣ್ಣ ದೋಣಿಗೆ ಯಾವ ಪೇಂಟೂ ಬೇಡ, ಸಿಹಿನೀರಲ್ಲಿ ತೊಳೆದು ಒಣಗಿಸಿ.

ಅಲ್ಯೂಮಿನಿಯಂ ದೋಣಿಗೆ ಕ್ಯುಪ್ರಸ್ ಆಕ್ಸೈಡ್ ಪೇಂಟ್ ಹಚ್ಚಲೇಬೇಡಿ. ಉಪ್ಪುನೀರಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ಸೇರಿದರೆ ಬ್ಯಾಟರಿ ಆದ ಹಾಗೆ, ತೂತು ಬೀಳುವುದು ದೋಣಿಗೆ.

ಎಷ್ಟು ಪೇಂಟು ಬೇಕು? ನೀರಿನ ಗೆರೆಯ (ತೇಲುವಾಗ ನೀರು ಮುಟ್ಟುವ ಮಟ್ಟದ) ಉದ್ದವನ್ನು, ಅಗಲ ಮತ್ತು ಆಳ ಕೂಡಿಸಿ ಬಂದದ್ದರಿಂದ ಗುಣಿಸಿ. ಕೀಲ್, ಅಂದರೆ ಅಡಿಯಲ್ಲಿ ಕೆಳಕ್ಕೆ ಚಾಚಿದ ಭಾರದ ಭಾಗ, ಪೂರ್ತಿ ಉದ್ದಕ್ಕೂ ಇದ್ದರೆ ಅಷ್ಟೂ, ಸಾಧಾರಣ ತೂಕದ ದೋಣಿಗೆ ಅದರ ಮುಕ್ಕಾಲು, ರೆಕ್ಕೆಯಂಥ ಸಣ್ಣ ಕೀಲಿನ ಹಗುರ ದೋಣಿಗೆ ಅರ್ಧ. ನನ್ನದು ನೀರಿನ ಗೆರೆಯಲ್ಲಿ 7.5 ಮೀಟರ್ ಉದ್ದ, 2.9 ಅಗಲ, 1.5 ಆಳ, ಮುಕ್ಕಾಲು ಹಾಕಿದರೆ 25 ಚದರ ಮೀಟರಿನ ಹತ್ತಿರ. ಲೀಟರಿಗೆ ಒಂಬತ್ತು ಚದರ ಮೀಟರ್ ಅಂತ ಹಿಡಿದರೆ ಎರಡು ಕೋಟು ಬಳಿಯಲು ಐದೂವರೆ ಲೀಟರ್. ಉಳಿದ ಪೇಂಟನ್ನು ನೀರಿನ ಗೆರೆ, ಮುಂದಿನ ಅಂಚು, ಚುಕ್ಕಾಣಿ ಇಷ್ಟಕ್ಕೆ ಮೂರನೇ ಕೋಟಾಗಿ ಹಾಕಿ. ಇನ್ನೂ ಉಳಿದರೆ ಇರಲಿ ಅಂತ ಇಡೀ ದೋಣಿಗೆ ಮೂರು ನಾಲ್ಕು ಕೋಟು ಬಳಿಯಬೇಡಿ.

ನೀರಲ್ಲಿ ಒರೆಸುವುದು

ಇಲ್ಲಿನ ಬಂದರು ಅಧಿಕಾರಿಗಳು ಬಳಸುವ ಒಂದು ಅಳತೆ ಇದೆ, ಸೊನ್ನೆಯಿಂದ ಐದರವರೆಗೆ. ಸೊನ್ನೆ ಅಂದರೆ ಏನೂ ಇಲ್ಲ. ಒಂದು ಅಂದರೆ ಬರೀ ಲೋಳೆ. ಎರಡು, ಕಣ್ಣಿಗೆ ಕಾಣುವ ಚಿಪ್ಪು ಹುಳ ಅಲ್ಲಲ್ಲಿ, ಶೇ 1ರಿಂದ 5. ಮೂರು ಅಂದರೆ ಶೇ 15ರವರೆಗೆ, ನಾಲ್ಕು ಶೇ 40ರವರೆಗೆ, ಅದರ ಮೇಲೆ ಐದು. ನೀರಿನ ಒಳಗೆ ಒಂದು ಸಣ್ಣ ಕ್ಯಾಮೆರಾ ಕೋಲಿಗೆ ಕಟ್ಟಿ ಇಳಿಸಿ ನೋಡಿ, ನೀರಿಗೆ ಇಳಿಯಲೇಬೇಕು ಅಂತಿಲ್ಲ.

ಒಂದರಲ್ಲಿದ್ದರೆ ಮಾತ್ರ ನೀರಲ್ಲೇ ಒರೆಸುವ ಮಾತು. ಬ್ರಷ್ಷು ಬೇಡ. ಹಳೇ ಮೆತ್ತನೆ ಕಾರ್ಪೆಟ್ ತುಂಡು ಸಾಕು, ಅದರ ಮೆತ್ತನೆ ಮುಖ ದೋಣಿಗೆ ತಾಗುವ ಹಾಗೆ. ಕ್ಯಾಲಿಫೋರ್ನಿಯಾದವರ ಸಲಹೆಯೂ ಅದೇ: ಮೆತ್ತನೆ ಕಾರ್ಪೆಟ್, ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಸಲ ಬೇಡ. ಮಗುವಿನ ಬೆನ್ನು ಉಜ್ಜುವ ಬಲ ಸಾಕು. ನೀರಿನ ಬಣ್ಣ ಬದಲಾಯಿತು ಅಂದರೆ ನಿಲ್ಲಿಸಿ. ಒಂದೋ ನೀವು ಜೋರಾಗಿ ಒತ್ತುತ್ತಿದ್ದೀರಿ, ಇಲ್ಲವೇ ಪೇಂಟಿನ ಆಯಸ್ಸು ಮುಗಿದಿದೆ. ಹೊಸ ಪೇಂಟು ಹಾಕಿ ಮೂರು ತಿಂಗಳು ಮುಟ್ಟಲೇಬೇಡಿ, ಆಗ ತಾಮ್ರ ಸೋರುವುದು ಜಾಸ್ತಿ, ಹೇಗೂ ಏನೂ ಅಂಟಿರುವುದಿಲ್ಲ.

ಎರಡಕ್ಕೆ ಬಂತೋ, ಕೈ ಕಟ್ಟಿ ಕೂತು ದಡದ ಬುಕಿಂಗ್ ಮಾಡಿ. ಚಿಪ್ಪು ಕೆರೆದು ನೀರಿಗೆ ಬಿಡುವುದರಲ್ಲಿ ಎರಡು ಅಪಾಯ. ಕೆಲವು ಜೀವಿಗಳು ಗಾಬರಿಗೊಂಡಾಗ ಇರುವ ಮೊಟ್ಟೆಯನ್ನೆಲ್ಲ ಒಂದೇ ಸಲ ನೀರಿಗೆ ಬಿಡುತ್ತವೆ. ಇನ್ನು ಕೆಲವು ತುಂಡಾದರೆ ಪ್ರತಿ ತುಂಡೂ ಬೆಳೆಯುತ್ತದೆ. 2001ರಲ್ಲಿ ಇಲ್ಲಿನ ಫಾಂಗಮಟಾದಲ್ಲಿ ಸಿಕ್ಕ ಡೈಡೆಮ್ನಮ್, ನೋಡಲು ಮೇಣ ಸುರಿದ ಹಾಗೆ ಇರುತ್ತದೆ, ಅದು ಹಾಗೇ ಹಬ್ಬುತ್ತದೆ. ರಕ್ತಬೀಜಾಸುರನ ಕಥೆ ಗೊತ್ತಲ್ಲ, ಅದೇ.

ಪ್ರತಿ ಪ್ರಾಂತ್ಯದ ನಿಯಮ ಬೇರೆ ಬೇರೆ, ಮರೀನಾದ್ದು ಇನ್ನೂ ಬೇರೆ. ಕೆಲವು ಕಡೆ ನೀರಲ್ಲಿ ಒರೆಸುವುದಕ್ಕೇ ಬಿಡುವುದಿಲ್ಲ. ಮೊದಲು ಕಚೇರಿಗೆ ಫೋನ್ ಮಾಡಿ ಕೇಳಿ.

ದಡಕ್ಕೆ ಎತ್ತುವ ದಿನ

ಎತ್ತುವುದಕ್ಕೆ ಅಕ್ಟೋಬರ್ ಒಳ್ಳೆಯದು. ನೀರು ಬೆಚ್ಚಗಾಗಿ ಮರಿಗಳು ಅಂಟುವುದು ಜೋರಾಗುವ ಮುಂಚೆ ಹೊಸ ಪೇಂಟು ಇರುತ್ತದೆ. ಎಲ್ಲರಿಗೂ ಇದು ಗೊತ್ತು, ಕ್ರಿಸ್‌ಮಸ್ ರಜೆಗೆ ಎಲ್ಲರೂ ಹೊರಡುವವರೇ, ಹಾಗಾಗಿ ಆಗಸ್ಟಿನಲ್ಲೇ ಜಾಗ ಹಿಡಿಯಿರಿ.

ತೊಳೆದ ನೀರು ಎಲ್ಲಿ ಹೋಗುತ್ತದೆ ಅಂತ ಕೇಳಿ, ಅದೇ ಜಾಗ ಆರಿಸುವ ಮೊದಲ ಪ್ರಶ್ನೆ. ಒಳ್ಳೆಯ ಯಾರ್ಡಿನಲ್ಲಿ (ದೋಣಿ ಎತ್ತಿ ನಿಲ್ಲಿಸುವ ಅಂಗಳ) ನೆಲಕ್ಕೆ ಇಳಿಜಾರು ಮಾಡಿ, ನೀರನ್ನು ತೊಟ್ಟಿಗೆ ಹರಿಸಿ, ಸೋಸಿ, ಚಿಪ್ಪು ಪೇಂಟು ಎಲ್ಲ ಬೇರೆ ಮಾಡಿ ಕಸಕ್ಕೆ ಕಳಿಸುತ್ತಾರೆ. ಕೆಲವು ಹಳೇ ಜಾಗಗಳಲ್ಲಿ ಇಳಿತಕ್ಕೆ ದೋಣಿಯನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ ಕೆರೆಯುವ ಕಟ್ಟೆ ಇರುತ್ತದೆ. ಅಗ್ಗ. ಆದರೆ ಕೆರೆದದ್ದೆಲ್ಲ ಮುಂದಿನ ಉಬ್ಬರಕ್ಕೆ ಸಮುದ್ರಕ್ಕೇ. ಹಾಗಾದರೆ ನೀರಲ್ಲಿ ಕೆರೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಮಳೆಗಾಲವೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಹೊಳೆಯೊಳಗೆ ನಿಂತ ಬೋಟುಗಳಿಗೆ ಮಳೆಯ ಸಿಹಿನೀರು ಬಿಟ್ಟಿ ಔಷಧಿ, ಕಡಲ ಚಿಪ್ಪುಗಳಲ್ಲಿ ಹೆಚ್ಚಿನವು ಅದರಲ್ಲಿ ಬದುಕುವುದಿಲ್ಲ. ಎಲ್ಲವೂ ಅಲ್ಲ. ಮೇಲೆ ಹೇಳಿದ ಕಪ್ಪುಪಟ್ಟೆ ಮಸ್ಸೆಲ್ ಉಪ್ಪು ಕಡಿಮೆಯಾದರೂ ಸಹಿಸಿಕೊಳ್ಳುತ್ತದೆ.

ಎತ್ತಿದ ಕೂಡಲೇ ತೊಳೆಯಿರಿ. ಒದ್ದೆ ಇರುವಾಗ ಲೋಳೆ ಸಲೀಸಾಗಿ ಹೋಗುತ್ತದೆ, ಒಂದು ರಾತ್ರಿ ಒಣಗಿದರೆ ಸಿಮೆಂಟು. ಹಳೇ ಪೇಂಟನ್ನು ಒಣಗಿದ್ದಾಗ ಮರಳುಕಾಗದದಲ್ಲಿ ಉಜ್ಜಲೇಬೇಡಿ. ಧೂಳು ನಿಮ್ಮ ಶ್ವಾಸಕೋಶಕ್ಕೆ, ಪಕ್ಕದವರ ಡೆಕ್ಕಿಗೆ, ಆಮೇಲೆ ಮಳೆಯಲ್ಲಿ ಕಡಲಿಗೆ. ತುಂಬಾ ಹಳೇ ದೋಣಿಯಾದರೆ ಒಳಪದರದಲ್ಲಿ ಟಿಬಿಟಿಯೇ ಇರಬಹುದು. ಒದ್ದೆ ಮಾಡಿ ಉಜ್ಜಿ, ಇಲ್ಲವೇ ವ್ಯಾಕ್ಯೂಮ್ ಜೋಡಿಸಿದ ಯಂತ್ರ ಬಾಡಿಗೆಗೆ ತನ್ನಿ. ಕೆಳಗೆ ಟಾರ್ಪಾಲು ಹಾಸಿ, ಮುಖಕ್ಕೆ ಸರಿಯಾದ ಮಾಸ್ಕು. ಕರವಸ್ತ್ರ ಕಟ್ಟಿಕೊಂಡರೆ ಆಗುವುದಿಲ್ಲ.

ಪೀಡೆಗಳು ಕೂರುವುದು ಅಗಲವಾದ ಹೊಟ್ಟೆಯ ಮೇಲಲ್ಲ, ಸಂದಿಗಳಲ್ಲಿ. ಚುಕ್ಕಾಣಿ ತಿರುಗುವ ಸಂದು, ಪ್ರೊಪೆಲ್ಲರಿನ ಬುಡ, ನೀರು ಒಳಗೆಳೆಯುವ ತೂತುಗಳು, ಮುಂಭಾಗದ ತಿರುಗಿಸುವ ಮೋಟಾರಿನ ಸುರಂಗ. ಎಲ್ಲಕ್ಕಿಂತ ಮುಖ್ಯ, ಆ ಕೀಲ್ ಭಾಗದ ತಳ. ದೋಣಿ ದಡದಲ್ಲಿ ನಿಲ್ಲುವುದೇ ಅದರ ಮೇಲೆ, ಹಾಗಾಗಿ ಅಲ್ಲಿಗೆ ಪೇಂಟು ಬೀಳುವುದೇ ಇಲ್ಲ. ನನ್ನ ದೋಣಿಯಲ್ಲಿ ಬೀಸಣಿಗೆ ಹುಳ ಸಿಕ್ಕಿದ್ದು ಅಲ್ಲೇ, ಎರಡು. ಉಳಿದ ಕಡೆ ಹೊಳೆಯುವ ಹಾಗಿತ್ತು. ಇದಕ್ಕೊಂದು ಉಪಾಯ: ನೀರಿಗಿಳಿಸುವ ಹಿಂದಿನ ಸಂಜೆ ದೋಣಿಯನ್ನು ಎತ್ತುವ ಯಂತ್ರದ ಪಟ್ಟಿಯಲ್ಲೇ ರಾತ್ರಿಯಿಡೀ ತೂಗಿಬಿಡಲು ಆಗುತ್ತದಾ ಅಂತ ಯಾರ್ಡಿನವರನ್ನು ಕೇಳಿ. ಆಗ ತಳಕ್ಕೂ, ಆನಿಕೆ ಕೊಟ್ಟಿದ್ದ ಜಾಗಗಳಿಗೂ ಎರಡು ಕೋಟು ಬಳಿಯಬಹುದು. ಬೆಳಿಗ್ಗೆ ಬರುವಾಗ ಅವರಿಗೊಂದು ಡಬ್ಬಿ ಚಕ್ಕುಲಿ ತಗೊಂಡು ಹೋಗಿ, ಮುಂದಿನ ಸಲ ಅವರೇ ಕೇಳುತ್ತಾರೆ.

ದೋಣಿಯ ಲೋಹ ಸವೆಯದಿರಲಿ ಅಂತ ಅಡಿಗೆ ಜೋಡಿಸುವ ಸತುವಿನ ತುಂಡಿನ (ಆನೋಡ್) ಮೇಲೆ ಪೇಂಟು ಬಳಿಯಬೇಡಿ, ಅದು ಬೆತ್ತಲೆಯಾಗಿದ್ದರೇ ಕೆಲಸ. ಪ್ರೊಪೆಲ್ಲರಿಗೆ ಸಿಲಿಕೋನ್ ಜಾತಿಯ ಬೇರೆ ಲೇಪ ಸಿಗುತ್ತದೆ, ಪ್ರಾಪ್‌ಸ್ಪೀಡ್ ಅನ್ನುವುದು ಆಕ್ಲೆಂಡಿನದೇ. ಇಂಜಿನ್ನಿಗೆ ನೀರೆಳೆಯುವ ಪೈಪಿನೊಳಗೂ ಮಸ್ಸೆಲ್ ಮರಿ ಕೂತು ಬೆಳೆಯುತ್ತದೆ, ಒಂದು ದಿನ ಇಂಜಿನ್ ಕಾದು ನಿಂತಾಗಲೇ ಗೊತ್ತಾಗುವುದು. ದಡದಲ್ಲಿ ಇರುವಾಗಲೇ ಅದನ್ನು ಸಿಹಿನೀರಲ್ಲಿ ತೊಳೆದುಬಿಡಿ.

ಊರು ಬಿಡುವ ಮುಂಚೆ

ಆಕ್ಲೆಂಡಿನವರಿಗೆ ಬೇಸಿಗೆ ಅಂದರೆ ಉತ್ತರದ ಬೇ ಆಫ್ ಐಲೆಂಡ್ಸ್, ಇಲ್ಲವೇ ಗ್ರೇಟ್ ಬ್ಯಾರಿಯರ್ ದ್ವೀಪ. ಬೀಸಣಿಗೆ ಹುಳ ತುಂಬಿದ ಬಂದರಿನಿಂದ ಅದು ಅಷ್ಟಾಗಿ ಹಬ್ಬಿರದ ಕೊಲ್ಲಿಗೆ ಹೋಗುವವರು ನಾವು. ಅಲ್ಲಿಗೆ ಹೋಗಿ ತೊಳೆಯೋಣ ಅನ್ನುವುದು ಪೂರ್ತಿ ಉಲ್ಟಾ. ಕೊಳೆ ಯಾವ ಊರಲ್ಲಿ ಹತ್ತಿತೋ ಅದೇ ಊರಲ್ಲಿ ತೊಳೆದು ಹೊರಡಿ. ನಾರ್ತ್‌ಲೆಂಡ್ ಪ್ರಾಂತ್ಯದವರು ತಮ್ಮ ನೀರಿಗೆ ಬರುವ ದೋಣಿಯಲ್ಲಿ ಲಘು ಬೆಳೆಗಿಂತ ಜಾಸ್ತಿ ಇರಬಾರದು ಅನ್ನುತ್ತಾರೆ, ಮುಳುಗುಗಾರರನ್ನು ಕಳಿಸಿ ನೋಡುತ್ತಾರೆ ಕೂಡ. ಪೇಂಟಿನ ರಸೀದಿ, ದೋಣಿ ಎತ್ತಿದ ತಾರೀಖು, ಅಡಿಯ ನಾಲ್ಕು ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.

ಪರದೇಶದಿಂದ ದೋಣಿಯಲ್ಲೇ ನ್ಯೂಜಿಲೆಂಡಿಗೆ ಬರುವವರಿಗೆ 2018ರ ಮೇ ತಿಂಗಳಿಂದ ಇನ್ನೂ ಬಿಗಿ. 21 ದಿನ ಅಥವಾ ಜಾಸ್ತಿ ಇರುವುದಾದರೆ ಲೋಳೆ ಮತ್ತು ಗೂಸ್ ಬಾರ್ನಕಲ್ (ತೊಟ್ಟಿನಿಂದ ಜೋಲುವ ಬಾರ್ನಕಲ್) ಬಿಟ್ಟು ಬೇರೇನೂ ಇರುವ ಹಾಗಿಲ್ಲ. ಬರುವ ಮುಂಚಿನ 30 ದಿನದೊಳಗೆ ತೊಳೆದ ದಾಖಲೆ, ಅಥವಾ ನಿಯಮಿತವಾಗಿ ನೋಡಿಕೊಂಡ ದಾಖಲೆ ತೋರಿಸಬೇಕು, ಇಲ್ಲವೇ ಬಂದ 24 ಗಂಟೆಯೊಳಗೆ ಒಪ್ಪಿಗೆ ಇರುವ ಯಾರ್ಡಿನಲ್ಲಿ ಎತ್ತಿಸಿ ತೊಳೆಸಬೇಕು. ಪೆಸಿಫಿಕ್ ದ್ವೀಪಗಳಿಂದ ಬರುವ ಹಾಯಿದೋಣಿಗಳು ಹೆಚ್ಚಾಗಿ ಮೊದಲು ಮುಟ್ಟುವುದು ಬೇ ಆಫ್ ಐಲೆಂಡ್ಸಿನ ಓಪುವಾ. ಕೆಲಸ ಇರುವುದು ಹೊರಡುವ ಊರಲ್ಲಿ, ಬರುವ ಊರಲ್ಲಿ ಅಲ್ಲ.

ಅಡಿ ಕನ್ನಡಿಯ ಹಾಗಿದ್ದರೂ ಲಂಗರು ಮೋಸ ಮಾಡುತ್ತದೆ. 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದ ಬ್ಲೈಂಡ್ ಬೇಯಲ್ಲಿ ಕೌಲರ್ಪ ಅನ್ನುವ ಹೊರಗಿನ ಪಾಚಿ ಸಿಕ್ಕಿತು. ಸಣ್ಣ ಜರೀಗಿಡದ ಎಲೆಯ ಹಾಗೆ ಹಸಿರು, ಉಗುರಿನಷ್ಟು ತುಂಡು ಸಾಕು ಹೊಸ ಜಾಗದಲ್ಲಿ ಚಿಗುರಲು. ಅದಕ್ಕೇ ಕೆಲವು ಕೊಲ್ಲಿಗಳಲ್ಲಿ ಲಂಗರು ಹಾಕುವುದಕ್ಕೇ ನಿರ್ಬಂಧ ಬಂದಿದೆ, ಹೊರಡುವ ಮುಂಚೆ ನಕ್ಷೆ ನೋಡಿ. ಲಂಗರು ಎತ್ತುವಾಗ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನೋಡುತ್ತಾ ಎಳೆಯಿರಿ. ಹಸಿರು ಸಿಕ್ಕಿದ್ದರೆ ಬಿಡಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ದಡದ ಕಸಕ್ಕೆ. ಮೀನಿನ ಬಲೆ, ಡೈವಿಂಗ್ ಸೂಟು, ಲಂಗರಿನ ಗೂಡು ಎಲ್ಲದಕ್ಕೂ ಇದೇ.

ಬೀಸಣಿಗೆ ಹುಳವೋ ಮತ್ತೇನೋ ಕಂಡರೆ ಕೀಳುವ ಮುಂಚೆ ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಕೈ ಇಡಿ. ಇಲ್ಲಿನ ಸರಕಾರದ ಪೀಡೆ ಸಹಾಯವಾಣಿ 0800 80 99 66. ನಾನು ಆ ಎರಡು ಹುಳ ಕಂಡ ದಿನ ಬೈಸಿಕೊಳ್ಳುತ್ತೇನೆ ಅಂತ ಹೆದರಿಕೊಂಡೇ ಫೋನ್ ಮಾಡಿದೆ. ಫೋನೆತ್ತಿದವರು ಕೇಳಿದ್ದು ಮೂರೇ: ದೋಣಿ ಈಗ ಎಲ್ಲಿದೆ, ಕೊನೆಯ ಸಲ ಎಲ್ಲಿ ಎಲ್ಲಿ ನಿಂತಿತ್ತು, ಹುಳ ಈಗ ದಡದಲ್ಲಿದೆಯಾ ನೀರಲ್ಲಿದೆಯಾ. ದಡದಲ್ಲಿ ಅಂದೆ. ಹಾಗಾದರೆ ಫೋಟೋ ಕಳಿಸಿ, ಅಲ್ಲೇ ಕಸದ ಡಬ್ಬಕ್ಕೆ ಹಾಕಿಬಿಡಿ ಅಂದರು.